‘ಯೂಲಿಸಿಸ್’ ಪೂರ್ತಿ ಓದಿದ ಮೇಲೆಯೇ ಗೆಳೆಯರ ಜೊತೆ ಕೂರಬೇಕಾ?

ಜೇಮ್ಸ್ ಜಾಯ್ಸ್‌ನ ‘ಯೂಲಿಸಿಸ್’ ಕಾದಂಬರಿಯನ್ನು ಎಲ್ಲರೂ ಮನೆಯಲ್ಲಿ ಓದಿ ಮುಗಿಸಲಿ, ಆಮೇಲೆ ಬಿಯರ್ ಹಿಡಿದು ಚರ್ಚೆ ಮಾಡೋಣ ಅಂತಿದ್ದೀರಿ. ದಯವಿಟ್ಟು ಬೇಡ.

ಡಬ್ಲಿನ್‌ನಲ್ಲಿ ಕೆಲಸಕ್ಕಿದ್ದಾಗ ನಾವು ಕೆಲವರು ಶುಕ್ರವಾರ ಸಂಜೆ ಪಬ್ಬಿನಲ್ಲಿ ಸೇರುತ್ತಿದ್ದೆವು. ಕನ್ನಡದವರು ಇಬ್ಬರು, ಉಳಿದವರು ಅಲ್ಲಿಯವರೇ. ಅಧ್ಯಾಯ ಓದದೆ ಬಂದವರು ಮಾತಾಡುವಂತಿಲ್ಲ ಅಂತ ನಾನೇ ನಿಯಮ ಮಾಡಿದ್ದೆ. ಮೂರನೇ ಅಧ್ಯಾಯಕ್ಕೆ ಬಂದಾಗ ಎಲ್ಲ ಕೆಟ್ಟಿತು. ಅದರಲ್ಲಿ ಸ್ಟೀಫನ್ ಎಂಬ ತರುಣ ಡಬ್ಲಿನ್‌ನ ಸ್ಯಾಂಡಿಮೌಂಟ್ ಕಡಲ ದಂಡೆಯಲ್ಲಿ ಒಬ್ಬನೇ ನಡೆಯುತ್ತಾನೆ. ಅರಿಸ್ಟಾಟಲ್, ಸತ್ತ ತಾಯಿ, ಪ್ಯಾರಿಸ್ಸಿನ ನೆನಪು ಎಲ್ಲ ಅವನ ತಲೆಯೊಳಗೆ ಒಟ್ಟಿಗೆ ನುಗ್ಗುತ್ತವೆ. ಅಲ್ಲಿ ಸಿಕ್ಕಿಹಾಕಿಕೊಂಡವರು ನಾಚಿಕೆಯಿಂದ ಬರುವುದನ್ನೇ ಬಿಟ್ಟರು. ಬಂದವರು ಕಾದಂಬರಿ ಬಿಟ್ಟು ಗೈಡ್ ಓದಿಕೊಂಡು ಬಂದರು. ಈ ಅಧ್ಯಾಯ ಗ್ರೀಕ್ ಕವಿ ಹೋಮರನ ‘ಒಡಿಸ್ಸಿ’ಯ ಯಾವ ಪ್ರಸಂಗಕ್ಕೆ ಹೊಂದುತ್ತದೆ ಅನ್ನುವುದೇ ಮಾತಾಯಿತು. ಆ ಹೋಮರಿನ ಹೆಸರುಗಳನ್ನು 1922ರಲ್ಲಿ ಅಚ್ಚಾದ ಪುಸ್ತಕದಲ್ಲಿ ಜಾಯ್ಸ್ ಅಧ್ಯಾಯಗಳಿಗೆ ಇಟ್ಟೇ ಇರಲಿಲ್ಲ!

ಆ ನಿಯಮ ಯಾಕೆ ಹಾಳು ಅಂದರೆ, ಒಂದು ಪುಟದಲ್ಲಿ ಸಿಕ್ಕಿಕೊಂಡವನ ಹತ್ತಿರವೇ ಆ ಪುಟದ ಬಗ್ಗೆ ಒಳ್ಳೆಯ ಪ್ರಶ್ನೆ ಇರುತ್ತದೆ. ನಾವು ಬಾಯಿ ಮುಚ್ಚಿಸಿದ್ದು ಅವನನ್ನೇ. ಚೆನ್ನಾಗಿ ಓದುತ್ತಿದ್ದ ಒಬ್ಬ ಗೆಳತಿ ಮತ್ತೆ ಬರಲೇ ಇಲ್ಲ.

ಉಳಿಸಿದ್ದು ಅಲ್ಲಿಯ ಒಬ್ಬ ಸಹೋದ್ಯೋಗಿ. ಅವನೂ ಓದಿರಲಿಲ್ಲ. ಸುಮ್ನೆ ಹನ್ನೆರಡನೇ ಅಧ್ಯಾಯ ತೆಗೆದು ಜೋರಾಗಿ ಓದತೊಡಗಿದ. ಪಬ್ಬಿನಲ್ಲೇ ನಡೆಯುವ ಅಧ್ಯಾಯ ಅದು. ಹೇಳುವವನಿಗೆ ಹೆಸರಿಲ್ಲ, ಬರೀ ಚಾಡಿ ಮಾತು. ಕಥಾನಾಯಕ ಬ್ಲೂಮ್ ಬರುತ್ತಾನೆ, ಕುಡಿಯಲು ಒಲ್ಲೆ ಅಂದು ಚುರುಟು ತೆಗೆದುಕೊಳ್ಳುತ್ತಾನೆ. ಅವನು ಯಹೂದಿ ಅನ್ನುವ ದ್ವೇಷ ಕೆಲವರಲ್ಲಿ ಮೊದಲೇ ಇದೆ. ಆದರೆ ಕೊನೆಗೆ ಅಷ್ಟು ಸಿಟ್ಟು ಏರುವುದು ಯಾಕೆ ಅಂತ ನನಗೆ ಮನೆಯಲ್ಲಿ ಓದಿದಾಗ ಹತ್ತಿರಲಿಲ್ಲ. ಸಹೋದ್ಯೋಗಿ ನಮ್ಮ ಮೇಜನ್ನೇ ತೋರಿಸಿದ. ಇಲ್ಲಿ ಒಬ್ಬರಾದ ಮೇಲೆ ಒಬ್ಬರು ಎಲ್ಲರಿಗೂ ಒಂದು ರೌಂಡ್ ಕೊಡಿಸಬೇಕು. ಬ್ಲೂಮ್ ‘ಥ್ರೋಅವೇ’ ಅನ್ನುವ ಕುದುರೆಯ ಮೇಲೆ ಹಣ ಕಟ್ಟಿ ಒಂದಕ್ಕೆ ಇಪ್ಪತ್ತು ಗೆದ್ದಿದ್ದಾನೆ ಅಂತ ಅಲ್ಲಿದ್ದವರು ನಂಬಿದ್ದಾರೆ. ಗೆದ್ದೂ ರೌಂಡ್ ಕೊಡಿಸಲಿಲ್ಲ! ನಿಜಕ್ಕೂ ಅವನು ಹಣ ಕಟ್ಟೇ ಇಲ್ಲ. ಕೈಯಲ್ಲಿದ್ದ ಪೇಪರನ್ನು ಎಸೆಯೋಣ (‘ಥ್ರೋ ಅವೇ’) ಅಂತಿದ್ದೆ ಅಂದದ್ದನ್ನು ಒಬ್ಬ ಕುದುರೆಯ ಸುಳಿವು ಅಂದುಕೊಂಡಿದ್ದ, ಅಷ್ಟೇ. ಆ ಸಿಟ್ಟೂ ಸೇರಿ ಕೊನೆಗೆ ಬಿಸ್ಕತ್ತಿನ ಡಬ್ಬ ಅವನ ಕಡೆ ಹಾರಿ ಬರುತ್ತದೆ. ಇಂಥ ದ್ವೇಷ ಎಷ್ಟು ಸಣ್ಣ ನೆಪಕ್ಕೆ ಹೊತ್ತಿಕೊಳ್ಳುತ್ತದೆ ಅಂತ ಆ ಸಂಜೆ ಕಿವಿಯಾರೆ ಕೇಳಿದೆವು.

ಹಾಗಾಗಿ ಚರ್ಚೆ ಬಿಡಿ, ಜೋರಾಗಿ ಓದಿ. ಒಬ್ಬರು ಒಂದೆರಡು ಪುಟ, ನಂತರ ಪಕ್ಕದವರು. ನಾಲ್ಕನೇ ಅಧ್ಯಾಯದಿಂದ ಶುರುಮಾಡಿ. ಬ್ಲೂಮ್ ಬೆಕ್ಕಿನ ಜೊತೆ ಮಾತಾಡುತ್ತಾ ತಿಂಡಿಗೆ ಮೂತ್ರಪಿಂಡ ಹುರಿಯುತ್ತಾನೆ, ಅದು ಯಾರಿಗೂ ಕಷ್ಟವಾಗಲ್ಲ. ಹದಿನಾಲ್ಕನೆಯದನ್ನು ಮೊದಲ ಸಲ ಬಿಟ್ಟುಬಿಡಿ. ಅದು ಇಂಗ್ಲಿಷ್ ಗದ್ಯದ ಹಳೇ ಶೈಲಿಗಳ ಮೂಲಕ ಸಾಗುತ್ತದೆ, ಬಿಯರಿನ ಜೊತೆ ತಲೆಗೆ ಹತ್ತುವುದಿಲ್ಲ. ಬ್ಲೂಮ್‌ನ ಹೆಂಡತಿ ಮಾಲಿಯ ಕೊನೆಯ ಅಧ್ಯಾಯವನ್ನು ಮಾತ್ರ ಒಬ್ಬರೇ ಓದಲಿ, ಪೂರ್ಣವಿರಾಮ ಸಿಗುವುದೇ ಅಪರೂಪ.

ಕುಡಿಯುವುದು ಜಾಸ್ತಿ ಆದರೆ ಓದು ನಿಲ್ಲುತ್ತದೆ. 1954ರ ಜೂನ್ 16ರಂದು ಐರಿಷ್ ಬರಹಗಾರರಾದ ಫ್ಲ್ಯಾನ್ ಓ'ಬ್ರಿಯನ್, ಪ್ಯಾಟ್ರಿಕ್ ಕ್ಯಾವನಾ ಮುಂತಾದವರು ಕುದುರೆಗಾಡಿಗಳಲ್ಲಿ ಕಾದಂಬರಿಯ ಜಾಗಗಳನ್ನೆಲ್ಲ ಸುತ್ತಲು ಹೊರಟರು. ಡಬ್ಲಿನ್‌ನ ‘ಬೇಲಿ’ (Bailey) ಎಂಬ ಪಬ್ಬಿಗೆ ಬಂದ ಮೇಲೆ ಮುಂದೆ ಹೋಗಲೇ ಇಲ್ಲ. ಗೈಡ್ ಬೇಕೇ ಬೇಕು ಅಂದರೆ ಒಬ್ಬರ ಬ್ಯಾಗಿನಲ್ಲಿರಲಿ, ಓದಿ ಆದ ಮೇಲೆ ತೆಗೆಯಿರಿ.