ಕುಡಿದು ಮರೆತ ರಾತ್ರಿ ಕೊನೆಯ ಅಧ್ಯಾಯದಲ್ಲೂ ನೆನಪಾಗುವುದಿಲ್ಲ

ನೀವು ಬರೆಯುತ್ತಿರುವ ಕಾದಂಬರಿ ಇದು: ಒಂದೇ ಮೇಳದ, ಅಂದರೆ ತಂಡದ, ಇಬ್ಬರು ಯಕ್ಷಗಾನ ವೇಷಧಾರಿಗಳ ಪೈಪೋಟಿ, ಒಬ್ಬನ ಕೊಲೆ, ಇನ್ನೊಬ್ಬ ನಿಮ್ಮ ಕುಡುಕ ನಾಯಕ. ಅವನು ಕುಡಿತ ಬಿಟ್ಟಾಗ ಆ ರಾತ್ರಿಯೆಲ್ಲ ನೆನಪಾಗಿ ಕೊಲೆಗಾರ ಸಿಕ್ಕಿಬೀಳುತ್ತಾನೆ. ಕುಡಿತ ಬಿಡುವುದನ್ನು ನಡುವೆ ಇಡಲೋ ಕೊನೆಯಲ್ಲೋ ಅಂತ ಕೇಳಿದ್ದೀರಿ. ಇಂಥದೇ ನಾಯಕನನ್ನು ಇಟ್ಟುಕೊಂಡು ಬರೆದವನಾಗಿ ಹೇಳುತ್ತೇನೆ, ಎರಡೂ ಬೇಡ. ಮೊದಲ ಅಧ್ಯಾಯದಲ್ಲೇ ಬಿಡಿಸಿ. ಈ ಬಗೆಯ ಕಾದಂಬರಿ ಕುಸಿಯುವುದು ನೆನಪು ಮರಳುವ ಜಾಗದಲ್ಲಿ.

ಕುಡಿದವನ ನೆನಪು ಹೋಗುವುದು ಎರಡು ಬಗೆ. ಒಂದರಲ್ಲಿ ಚೂರುಪಾರು ಉಳಿದಿರುತ್ತದೆ, ಯಾರಾದರೂ ಸುಳಿವು ಕೊಟ್ಟರೆ ಒಂದಿಷ್ಟು ಹೊಳೆಯುತ್ತದೆ. ಇನ್ನೊಂದರಲ್ಲಿ ಗಂಟೆಗಟ್ಟಲೆ ಪೂರ್ತಿ ಖಾಲಿ. ಮೆದುಳು ಆ ಹೊತ್ತನ್ನು ದಾಖಲಿಸಿಕೊಂಡೇ ಇಲ್ಲ, ಇನ್ನು ಮರಳುವುದು ಎಲ್ಲಿಂದ? ಹಾಗಂತ ಅವನು ಪ್ರಜ್ಞೆ ತಪ್ಪಿ ಬಿದ್ದಿರುವುದಿಲ್ಲ. ಮಾತಾಡುತ್ತಾನೆ, ಜಗಳ ಕಾಯುತ್ತಾನೆ, ವರ್ಷಗಳಿಂದ ಕಾಲಿಗೆ ಹತ್ತಿದ ಹೆಜ್ಜೆ ತಪ್ಪದೆ ಹಾಕುತ್ತಾನೆ. ಕರ್ಣಾರ್ಜುನ ಕಾಳಗದಲ್ಲಿ ಕರ್ಣನಾಗಿ ಕುಣಿದವನಿಗೆ, ಬೆಳಗಾದ ಮೇಲೆ ತಾನು ರಂಗಕ್ಕೆ ಹೋದದ್ದೇ ಗೊತ್ತಿಲ್ಲದಿರಬಹುದು. ಖಾಲಿ ಹೊಟ್ಟೆಯಲ್ಲಿ ಗಬಗಬನೆ ಕುಡಿದಾಗ ಇದು ಹೆಚ್ಚು. ಆದ್ದರಿಂದ ಬಣ್ಣಕ್ಕೆ ಕೂರುವ ಮೊದಲು ಅವನು ಊಟ ಬಿಟ್ಟದ್ದನ್ನು ಮೊದಲೇ ತೋರಿಸಿ. ಒಂದು ಕ್ವಾರ್ಟರ್, ಅಂದರೆ 180 ಎಂಎಲ್, 42.8% ಇದ್ದರೆ ಅದರಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್. ಪಳಗಿದವನಿಗೆ ಅಷ್ಟು ಸಾಲದು, ಬಣ್ಣ ಹಚ್ಚುವ ಚೌಕಿಯ ಹಿಂದೆ ಎರಡು ಮುಗಿಸಲಿ.

ನೆನಪು ಬರುವುದಿಲ್ಲ ಅಂತಾದರೆ ಕಥೆಯೇ ಬೇರೆಯಾಗುತ್ತದೆ, ನೋಡಿ. ಆ ಖಾಲಿಯನ್ನು ಬೇರೆಯವರು ತುಂಬುತ್ತಾರೆ. "ನೀನೇ ಅವನ ಕುತ್ತಿಗೆಗೆ ಕೈ ಹಾಕಿದ್ದು ಮಾರಾಯ, ನಾನೇ ಬಿಡಿಸಿದ್ದು" ಅಂತ ಸಮಾಧಾನ ಮಾಡುವ ಗೆಳೆಯನೇ ನಿಮ್ಮ ಕೊಲೆಗಾರ. ನಾಯಕ ನಂಬುತ್ತಾನೆ, ಯಾಕೆಂದರೆ ಅಲ್ಲಗಳೆಯಲು ಅವನ ಬಳಿ ಏನೂ ಇಲ್ಲ. ಅದನ್ನು ಸುಳ್ಳಾಗಿಸಬೇಕಾದದ್ದು ಹೊರಗಿನ ಸಾಕ್ಷಿ. ಯಾವ ಪದ್ಯಕ್ಕೆ ಯಾರು ರಂಗದಲ್ಲಿದ್ದರು ಅಂತ ಹಾಡುವ ಭಾಗವತರಿಗೆ ಗೊತ್ತು, ಚೆಂಡೆಯವನಿಗೂ ಗೊತ್ತು. ನಿಮಗೆ ಇದಕ್ಕಿಂತ ಒಳ್ಳೆಯ ಗಡಿಯಾರ ಬೇಕಿಲ್ಲ. ಪ್ರೇಕ್ಷಕನೊಬ್ಬನ ಮೊಬೈಲ್ ಫೋಟೋದಲ್ಲಿ ಕರ್ಣನ ಹಣೆಯ ಗೆರೆ ನೆಟ್ಟಗಿದ್ದರೆ ಅದೂ ಸುಳಿವು: ಕುಡಿಯದೆ ಇದ್ದರೆ ಕೈ ನಡುಗುವವನ ಮುಖಕ್ಕೆ ಆ ಗೆರೆ ಎಳೆದವರು ಯಾರು?

ಇನ್ನು ಕುಡಿತ ಬಿಡುವುದು. ತೀರಾ ಅವಲಂಬಿತನಾದವನು ಒಮ್ಮೆಲೇ ನಿಲ್ಲಿಸಿದರೆ ಕೊನೆಯ ಗುಟುಕಿನಿಂದ 6ರಿಂದ 12 ಗಂಟೆಯೊಳಗೆ ನಡುಕ, ಬೆವರು. ಮೊದಲ 48 ಗಂಟೆಯಲ್ಲಿ ಫಿಟ್ಸ್ ಬರುವ ಭಯ. 48ರಿಂದ 96 ಗಂಟೆಯ ನಡುವೆ ಸನ್ನಿ ಬರಬಹುದು: ದಿಕ್ಕು, ದಿನ ತಿಳಿಯುವುದಿಲ್ಲ, ಇಲ್ಲದ ಹುಳ, ಇಲ್ಲದ ಜನ ಕಾಣುತ್ತಾರೆ. ಇದು ಆಸ್ಪತ್ರೆಯ ಕೆಲಸ, ಇಲ್ಲವಾದರೆ ಸಾಯಬಹುದು. ಕೊಲೆಯಾದ ಮೂರನೇ ದಿನ ಪೊಲೀಸರು ಅವನ ಹೇಳಿಕೆ ಬರೆದುಕೊಳ್ಳಲಿ. ಸತ್ತವನು ಅರ್ಜುನನ ವೇಷದಲ್ಲೇ ಮಂಚದ ಪಕ್ಕ ನಿಂತಿದ್ದಾನೆ ಅಂತ ಅವನು ಹೇಳಲಿ. ಮೂರನೇ ದಿನ ತಲೆ ತಿಳಿಯಾಗಿ ಪ್ರಕರಣ ಬಿಡಿಸುವ ನಾಯಕನನ್ನು ಮಾತ್ರ ದಯವಿಟ್ಟು ಬರೆಯಬೇಡಿ.

ಪೈಪೋಟಿಯನ್ನು ಚೌಕಿಯ ಬೈಗುಳದಲ್ಲಿ ತೋರಿಸಬೇಕಿಲ್ಲ. ಯಕ್ಷಗಾನದ ಅರ್ಥಕ್ಕೆ, ಅಂದರೆ ವೇಷಧಾರಿ ಆಡುವ ಮಾತಿಗೆ, ಬರೆದಿಟ್ಟ ಸಂಭಾಷಣೆ ಇಲ್ಲವಲ್ಲ! ಎದುರಾಳಿ ರಂಗದಲ್ಲೇ ದಾರಿ ತಪ್ಪಿಸುವ ಒಂದು ಪ್ರಶ್ನೆ ಎಸೆಯಲಿ, ಹಿಂದೆ ಥಟ್ಟನೆ ಉತ್ತರಿಸುತ್ತಿದ್ದ ನಾಯಕ ತಡವರಿಸಲಿ. ಕುಡಿತ ಮೊದಲು ತಿಂದದ್ದು ಏನನ್ನು ಅಂತ ಓದುಗರಿಗೆ ತಿಳಿಯುತ್ತದೆ.

ದಾರಿ ತಪ್ಪಿಸುವ ಸುಳಿವು ಬೇಕೆಂದರೆ ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ಇದೆ. ಅದನ್ನು ತೆಗೆದುಕೊಂಡವನು ಕುಡಿದರೆ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ಮಾತ್ರೆ ನಿಲ್ಲಿಸಿ ಎರಡು ವಾರವಾದರೂ ಹೀಗಾಗಬಹುದು. ಕುಡುಕನಿಗೆ ಹೇಳದೆ ಊಟದಲ್ಲಿ ಬೆರೆಸುವ ಮನೆಗಳಿವೆ (ಅಪಾಯ, ಮಾಡಬಾರದ್ದು). ನಾಯಕ ಒಂದು ನೈಂಟಿಗೇ ಕುಸಿದಾಗ ಎಲ್ಲರೂ ವಿಷ ಅಂದುಕೊಳ್ಳಲಿ, ಬೆರೆಸಿದ್ದು ಅಕ್ಕ.

ತನಿಖೆಗೆ ಕುಡಿತ ಬಿಡುವವರ ಕೂಟವಾದ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಹನ್ನೆರಡು ಮೆಟ್ಟಿಲು ಸಾಕು, ಪತ್ತೇದಾರ ಬೇಡ. ಎಂಟನೆಯದು, ತಾನು ನೋಯಿಸಿದವರ ಪಟ್ಟಿ ಮಾಡುವುದು. ಒಂಬತ್ತನೆಯದು, ಅವರಿಗೆ ಇನ್ನಷ್ಟು ನೋವಾಗದಂತಿದ್ದರೆ ನೇರ ಹೋಗಿ ಸರಿಪಡಿಸಿಕೊಳ್ಳುವುದು. ಆ ಪಟ್ಟಿಯೇ ನಿಮ್ಮ ಸಾಕ್ಷಿಗಳ ಪಟ್ಟಿ. ಕ್ಷಮೆ ಕೇಳಲು ಬಂದವನೆದುರು ಜನ ಪೊಲೀಸರಿಗೆ ಹೇಳದ್ದನ್ನೂ ಹೇಳುತ್ತಾರೆ. ಆದರೆ ಇದು ಮೊದಲ ವಾರದ ಕೆಲಸವಲ್ಲ, ತಿಂಗಳುಗಳು ಹಿಡಿಯುತ್ತವೆ. ಕೊಲೆ ಜನವರಿಯಲ್ಲಿ ಆಗಲಿ. ಮೇ ಕೊನೆಗೆ ಪತ್ತನಾಜೆ (ತಿರುಗಾಟ ಮುಗಿಯುವ ದಿನ) ಬಂದು ಮೇಳ ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರೆಲ್ಲ ಅವರವರ ಮನೆಯಲ್ಲಿ ಸಿಗುತ್ತಾರೆ. ಮಳೆಯಲ್ಲಿ ಮನೆಮನೆಗೆ ಹೋಗಲಿ. ನಡುವೆ ಅವನು ಮತ್ತೊಮ್ಮೆ ಕುಡಿಯುವ ದೃಶ್ಯ ಬೇಕಿದ್ದರೆ ಇಲ್ಲಿಡಿ, ಆದರೆ ಹಳೆಯ ಎರಡು ಕ್ವಾರ್ಟರ್ ಕೊಡಬೇಡಿ. ತಿಂಗಳುಗಟ್ಟಲೆ ಬಿಟ್ಟವನ ದೇಹ ಆ ಅಳತೆಯನ್ನು ಈಗ ತಾಳುವುದಿಲ್ಲ.