ಇಂಗ್ಲೆಂಡ್ ಫುಟ್‌ಬಾಲ್‌ನಲ್ಲಿ ಸಾಮಾನ್ಯ ಡಿಫೆಂಡರ್ ಆಗಿದ್ದ ಕ್ರಿಸ್ ವೈಲ್ಡರ್ ಕೋಚ್ ಆಗಿ ಹೇಗೆ ಹೆಸರು ಮಾಡಿದರು?

ವೈಲ್ಡರ್ ರೈಟ್ ಬ್ಯಾಕ್, ಅಂದರೆ ಬಲ ಅಂಚಿನ ಡಿಫೆಂಡರ್. ಶೆಫೀಲ್ಡ್ ಯುನೈಟೆಡ್, ರಾದರಮ್, ನಾಟ್ಸ್ ಕೌಂಟಿ, ಬ್ರಾಡ್‌ಫರ್ಡ್, ಹ್ಯಾಲಿಫ್ಯಾಕ್ಸ್ ಅಂತ ಕ್ಲಬ್‌ನಿಂದ ಕ್ಲಬ್‌ಗೆ ಅಲೆದವರು. ಕೋಚಿಂಗ್ ಕೂಡ ತಳದಿಂದಲೇ: 2001ರಲ್ಲಿ ಆಲ್ಫ್ರೆಟನ್ ಟೌನ್ ಎಂಬ ಪುಟ್ಟ ಕ್ಲಬ್. 2010ರಲ್ಲಿ ಆಕ್ಸ್‌ಫರ್ಡ್ ಯುನೈಟೆಡನ್ನು ಮತ್ತೆ ಫುಟ್‌ಬಾಲ್ ಲೀಗ್‌ಗೆ (ಪ್ರೀಮಿಯರ್ ಲೀಗ್‌ನ ಕೆಳಗಿನ ಮೂರು ಹಂತಗಳು) ತಂದರು. 2016ರಲ್ಲಿ ಅವರ ಕೈಕೆಳಗೆ ನಾರ್ಥಾಂಪ್ಟನ್ 99 ಅಂಕ ಗಳಿಸಿ ನಾಲ್ಕನೇ ಹಂತದ ಲೀಗ್ ಟೂ ಗೆದ್ದಿತು. ಮರುವರ್ಷ ಅವರದೇ ಕೋಚಿಂಗ್‌ನಲ್ಲಿ ಶೆಫೀಲ್ಡ್ ಯುನೈಟೆಡ್ 100 ಅಂಕಗಳೊಂದಿಗೆ ಮೂರನೇ ಹಂತದ ಲೀಗ್ ಒನ್ ಗೆದ್ದಿತು. 2019-20ರ ಪ್ರೀಮಿಯರ್ ಲೀಗ್‌ನಲ್ಲಿ ಅದೇ ತಂಡಕ್ಕೆ 9ನೇ ಸ್ಥಾನ.

ಅವರ ನಿಜವಾದ ಕೊಡುಗೆ ಇರುವುದು ಶೆಫೀಲ್ಡ್‌ನ 3-5-2ರಲ್ಲಿ, ಅಂದರೆ ಮೂವರು ಡಿಫೆಂಡರ್, ಐವರು ಮಿಡ್‌ಫೀಲ್ಡರ್, ಇಬ್ಬರು ಸ್ಟ್ರೈಕರ್‌ಗಳ ಜೋಡಣೆಯಲ್ಲಿ. ಅಲ್ಲಿ ಮೂವರು ಸೆಂಟರ್ ಬ್ಯಾಕ್‌ಗಳಲ್ಲಿ (ನಡುವಿನ ಡಿಫೆಂಡರ್‌ಗಳು) ಅಂಚಿನ ಇಬ್ಬರು, ಬಲಕ್ಕೆ ಬ್ಯಾಶಮ್, ಎಡಕ್ಕೆ ಓಕಾನಲ್, ಅಂಚಿನಲ್ಲಿ ಮೇಲೆ ಕೆಳಗೆ ಓಡಾಡುವ ವಿಂಗ್ ಬ್ಯಾಕ್‌ನನ್ನೂ ದಾಟಿ ಮುಂದೆ ಓಡುತ್ತಿದ್ದರು. ಎದುರಾಳಿಯ ಫುಲ್ ಬ್ಯಾಕ್ (ಅಂಚಿನ ಡಿಫೆಂಡರ್) ಒಬ್ಬನೇ ಇಬ್ಬರು ಮೂವರನ್ನು ನೋಡಿಕೊಳ್ಳಬೇಕು. ಹಿಂದೆ ಬಿಟ್ಟ ಜಾಗಕ್ಕೆ ನಾರ್ವುಡ್ ಮಿಡ್‌ಫೀಲ್ಡ್‌ನಿಂದ ಇಳಿದು ನಿಲ್ಲುತ್ತಿದ್ದ. ಅವನು ಎರಡು ಹೆಜ್ಜೆ ತಡಮಾಡಿದರೂ ಎದುರಾಳಿಯ ಕೌಂಟರ್ ದಾಳಿಗೆ, ಅಂದರೆ ಚೆಂಡು ಕಸಿದು ಮಾಡುವ ದಿಢೀರ್ ದಾಳಿಗೆ, ದಾರಿ ತೆರೆದಂತೆ.

2020-21ರಲ್ಲಿ ಓಕಾನಲ್ ಮೊಣಕಾಲಿನ ಗಾಯದಿಂದ ಹೊರಗುಳಿದ, ಎಡಬದಿ ಸತ್ತೇಹೋಯಿತು. ಗೋಲ್‌ಕೀಪರ್ ಹೆಂಡರ್ಸನ್ ಕೂಡ ಲೋನ್ ಮುಗಿಸಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಮರಳಿದ್ದ. ಮೊದಲ 17 ಲೀಗ್ ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ. 2021ರ ಮಾರ್ಚ್‌ನಲ್ಲಿ ವೈಲ್ಡರ್ ಕ್ಲಬ್ ಬಿಟ್ಟರು. ಯೋಜನೆ ತಪ್ಪಲ್ಲ, ಅಂಥ ಕಾಲು, ಅಂಥ ಉಸಿರು ಇರುವ ಬದಲಿ ಡಿಫೆಂಡರ್ ತಂಡದಲ್ಲಿ ಇರಲಿಲ್ಲ.