ನಿಮ್ಮ ಕೆರೆ ಲೇಖನದ ಬಗ್ಗೆ, ನೇರವಾಗಿ

ನಮಸ್ಕಾರ,

ಬೆಂಗಳೂರಿನ ಕೆರೆಗಳ ಬಗ್ಗೆ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಇದ್ದ ಹಾಗೇ ಹಾಕಲು ಆಗುವುದಿಲ್ಲ. ಬಿಡುವುದಕ್ಕೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಮೂರು ಪ್ಯಾರಾದಲ್ಲಿ ನೀರೇ ಜೀವ, ಪ್ರಕೃತಿ ನಮ್ಮ ತಾಯಿ, ಮನುಷ್ಯ ದುರಾಸೆಗೆ ಬಿದ್ದ ಅಂತೆಲ್ಲ ಬರೆದಿದ್ದೀರಿ. ಯಾವುದೂ ಸುಳ್ಳಲ್ಲ. ಆದರೆ ಯಾವ ಊರಿನ ಯಾವ ಕೆರೆಗೆ ಬೇಕಾದರೂ ಇದೇ ಮಾತು ಹೇಳಬಹುದು, ಅಲ್ವಾ? ನಿಮ್ಮ ಓದುಗರು ಮೆಟ್ರೋದಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನ್ ಹಿಡಿದು ನಿಂತಿರುತ್ತಾರೆ. ನಡುವೆ ವಾಟ್ಸಾಪ್ ಬರುತ್ತದೆ, ಇಳಿಯುವ ಸ್ಟೇಷನ್ ಬರುತ್ತದೆ. ಅವರು ಸೋಮಾರಿಗಳಲ್ಲ. ಮುಂದೆ ಏನು ಸಿಗುತ್ತದೆ ಅಂತ ಗೊತ್ತಾಗದಿದ್ದರೆ ಯಾಕೆ ಓದಬೇಕು?

ನನಗೆ ಬೇಜಾರಾಗಿದ್ದು, ನಿಮ್ಮ ಒಳ್ಳೆಯ ವಿಷಯವೆಲ್ಲ ಏಳನೇ ಪ್ಯಾರಾದಲ್ಲಿ ಹೂತುಹೋಗಿದೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಕಂಠೀರವ ಸ್ಟೇಡಿಯಂ ಎದ್ದಿದ್ದು ಸಂಪಂಗಿ ಕೆರೆಯಲ್ಲಿ, ಅಲ್ಲಿ ಉಳಿದಿರುವ ಸಣ್ಣ ಹೊಂಡ ಇವತ್ತಿಗೂ ಕರಗ ಉತ್ಸವದ ಆಚರಣೆಗೆ ಬೇಕು. ದಿನಾ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಅಲ್ಲಿಂದಲೇ ಶುರು ಮಾಡಿ. ಪೇಟೆಗೆ ನೀರು ಕೊಟ್ಟ ಕೆರೆಯನ್ನು ಜನ ಹೇಗೆ ಬಿಟ್ಟುಕೊಟ್ಟರು ಅನ್ನುವ ಪ್ರಶ್ನೆ ಓದುವವರಿಗೆ ತಾನಾಗಿಯೇ ಬರುತ್ತದೆ. ಉತ್ತರವನ್ನೂ ನೀವು ಬರೆದಿದ್ದೀರಿ, ಆದರೆ ಕೊನೆಯ ಪುಟದಲ್ಲಿ, ಅರ್ಧ ಸಾಲಿನಲ್ಲಿ. 1894ರಲ್ಲಿ ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿ. ದೂರದ ನೀರು ನಲ್ಲಿಗೆ ಬಂದ ಮೇಲೆ ಊರೊಳಗಿನ ಕೆರೆ ಬರೀ ಖಾಲಿ ಜಾಗದ ಹಾಗೆ ಕಾಣತೊಡಗಿತು. ಈ ಕಾರಣವನ್ನು ಎರಡನೇ ಪ್ಯಾರಾಕ್ಕೆ ತನ್ನಿ, ಬಿಡಿಸಿ ಹೇಳಿ. ದುರಾಸೆ ಅಂದುಬಿಟ್ಟರೆ ಓದುವವರು ಅದು ಬೇರೆ ಯಾರದೋ ತಪ್ಪು ಅಂದುಕೊಳ್ಳುತ್ತಾರೆ. ಇದು ಹಾಗಲ್ಲ, ಅವರ ಮನೆಯ ನಲ್ಲಿಯವರೆಗೂ ಬರುವ ಕಥೆ.

'ಜಲಮೂಲಗಳ ಅಳಲು' ಅನ್ನುವ ಶೀರ್ಷಿಕೆ ಬೇಡ. ಲಿಂಕ್ ಫಾರ್ವರ್ಡ್ ಆದಾಗ ಕಾಣುವುದು ಶೀರ್ಷಿಕೆ, ಜತೆಗೆ ಒಂದೆರಡು ಸಾಲು ಅಷ್ಟೇ. ಅದರಲ್ಲಿ ಮೆಜೆಸ್ಟಿಕ್ ಇರಲಿ, ಕೆರೆ ಇರಲಿ. ಗೂಗಲ್‌ನಲ್ಲಿ ಹುಡುಕುವವರೂ ಕೆರೆ ಅಂತಲೇ ಟೈಪ್ ಮಾಡುತ್ತಾರೆ. ಹಾಗಂತ 'ಕೇಳಿದರೆ ಬೆಚ್ಚಿಬೀಳುತ್ತೀರಿ' ಥರದ್ದು ಖಂಡಿತ ಬೇಡ, ಒಮ್ಮೆ ಮೋಸ ಹೋದವರು ವಾಪಸ್ ಬರುವುದಿಲ್ಲ.

ಟೈಪಿಂಗ್ ಬಗ್ಗೆಯೂ ಹೇಳಲೇಬೇಕು. ಫೈಲಿನ ಅರ್ಧ ಭಾಗ 'ನುಡಿ' ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿದೆ, ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಉಳಿದರ್ಧದಲ್ಲಿ ಬೆಂಗಳೂರು ಅಂತ ಬರೆಯುವಾಗ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿದ್ದೀರಿ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ ಅಕ್ಷರ. ಊರಿನ ಮೇಲಿನ ಲೇಖನದಲ್ಲಿ ಊರಿನ ಹೆಸರು ಹುಡುಕಿದರೆ ಒಂದೂ ಸಿಗಲಿಲ್ಲ!

ಪ್ಯಾರಾಗಳನ್ನು ಒಡೆಯಿರಿ, ಫೋನಿನಲ್ಲಿ ಒಂದೊಂದೂ ಇಡೀ ಸ್ಕ್ರೀನ್ ತುಂಬುತ್ತಿದೆ. ಬೆಳ್ಳಂದೂರು ಕೆರೆಯ ನೊರೆ, ಬೆಂಕಿ ಇಲ್ಲಿ ಬೇಡ. ಅದು ಚರಂಡಿ ನೀರಿನ ಕಥೆ, ಕಾರಣವೇ ಬೇರೆ, ಸುಮ್ನೆ ಇದರ ಜತೆ ಸೇರಿಸಿದರೆ ಎರಡೂ ಕೆಡುತ್ತವೆ.

ಸಂಪಂಗಿ ಕೆರೆಯ ನೀರಲ್ಲಿ ತರಕಾರಿ ಬೆಳೆಯುತ್ತಿದ್ದ ತಿಗಳ ಸಮುದಾಯದವರ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ಕರಗ ನಡೆಸುವುದೂ ಅವರೇ. ಆ ಮನೆಗಳಲ್ಲಿ ಹಿರಿಯರು ಸಿಕ್ಕರೆ ಕೂತು ಮಾತಾಡಿಸಿ, ತೋಟಗಳ ಬಗ್ಗೆ ಅವರ ಅಪ್ಪ, ಅಜ್ಜ ಏನು ಹೇಳುತ್ತಿದ್ದರು ಅಂತ ಕೇಳಿ, ಆಮೇಲೆ ಕಳಿಸಿ. ಅದು ಸೇರಿ ಲೇಖನ ಉದ್ದ ಜಾಸ್ತಿ ಆದರೂ ನಾನು ಕತ್ತರಿಸುವುದಿಲ್ಲ.